ಮೂರು ವರ್ಷ ತಡೆದುಕೊಂಡವನು

ಕನ್ನಡಕದಂಗಡಿಯವನು ಎರಡನೆಯ ಮದುವೆ ಮಾಡಿಕೊಂಡಾಗ ಅವನಿಗೆ ನಲವತ್ತೇಳು ವರ್ಷ. ಮೊದಲ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅವಳು ಬಾಯಿ ಜೋರಿನ ಹೆಂಗಸು. ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಿದ್ದಳು, ಇವನೂ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ, ಇಬ್ಬರ ಜಗಳ ಪಕ್ಕದ ಮನೆಯವರಿಗೆ ಬಾಯಿಪಾಠವಾಗಿತ್ತು. ಅರ್ಧ ಗಂಟೆಯೊಳಗೆ ಯಾವುದಕ್ಕೆ ಶುರುವಾಯಿತು ಎಂಬುದೇ ಮರೆತುಹೋಗಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಡುತ್ತಿದ್ದರು. ಅವಳು ಹೋದ ಮೇಲೆ ಮನೆ ಎಷ್ಟು ಮೂಕವಾಯಿತೆಂದರೆ, ಅವನು ರೇಡಿಯೋ ಹಾಕಿಕೊಂಡು ವಾರ್ತೆ ಓದುವವನ ಜೊತೆ ವಾದಕ್ಕಿಳಿಯುವುದನ್ನು ರೂಢಿ ಮಾಡಿಕೊಂಡ. ಹಾಗಾಗಿ ಗಂಡಹೆಂಡಿರ ಜಗಳ ಎಂದರೆ ಅವನ ಪಾಲಿಗೆ ಹೆದರುವಂಥ ಸಂಗತಿಯಾಗಿರಲಿಲ್ಲ. ಮನೆಯಲ್ಲಿ ಜನ ಇದ್ದಾರೆ ಎಂಬುದರ ಗುರುತು ಅದು.

ಎರಡನೆಯವಳು ಸಿಕ್ಕಿದ್ದು ಅಂಗಡಿಯಲ್ಲೇ. ದೊಡ್ಡಾಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಅವಳ ಕೆಲಸ. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಗಾಜಿನ ಮೇಲೆ ಬಳಿದ ರಕ್ತದಲ್ಲಿ ಕೆಂಪು ಕಣ ಎಷ್ಟು, ಬಿಳಿ ಕಣ ಎಷ್ಟು ಎಂದು ಎಣಿಸಿ ಎಣಿಸಿ ಹಣೆ ಸಿಡಿಯುತ್ತಿದೆಯೆಂದು ಒಂದು ಮಧ್ಯಾಹ್ನ ಬಂದಳು. ಮೂವತ್ತೊಂಬತ್ತರ ಹೆಂಗಸು, ಸಣ್ಣ ಮೈಕಟ್ಟು, ಕುರ್ಚಿಯ ತುದಿಯಲ್ಲಿ ಅರ್ಧ ಮಾತ್ರ ಕೂತಿದ್ದಳು. ಅವನು ಪರೀಕ್ಷೆಯ ಚೌಕಟ್ಟನ್ನು ಅವಳ ಮೂಗಿಗೇರಿಸಿ, ಗೋಡೆಯ ಅಕ್ಷರ ತೋರಿಸಿ, ಒಂದು ಗಾಜು ಹಾಕಿ ತೆಗೆದು ಇನ್ನೊಂದು ಹಾಕಿ, ದಿನಕ್ಕೆ ಇಪ್ಪತ್ತು ಸಲ ಕೇಳುವ ಪ್ರಶ್ನೆಯನ್ನೇ ಕೇಳಿದ. ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?

ಅವಳು ಗೋಡೆ ನೋಡಲಿಲ್ಲ. ಅವನ ಮುಖ ನೋಡಿದಳು.

"ಯಾವುದು ಚೆನ್ನಾಗಿ ಕಾಣ್ಬೇಕು?" ಎಂದು ಕೇಳಿದಳು.

ಅವನಿಗೆ ನಗು ಬಂತು. ಇದು ಶಾಲೆಯ ಪರೀಕ್ಷೆಯಲ್ಲ, ಇದರಲ್ಲಿ ತಪ್ಪು ಉತ್ತರವೇ ಇಲ್ಲ, ನಿಮಗೆ ಯಾವುದು ಹಿತವೋ ಅದನ್ನು ಹೇಳಿ ಸಾಕು ಎಂದ. ಅವಳು ಬೆವತಳು. ಮತ್ತೊಮ್ಮೆ ತೋರಿಸಿ ಎಂದಳು, ಮತ್ತೊಮ್ಮೆ ಎಂದಳು, ಕೊನೆಗೆ ಎರಡೂ ಒಂದೇ ಥರ ಕಾಣುತ್ತಿವೆ, ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ ಎಂದು ಎದ್ದು ನಿಂತೇಬಿಟ್ಟಳು. ಅವನು ಕೂರಿಸಿ, ಪ್ರಶ್ನೆಯನ್ನೇ ಬಿಟ್ಟು, ಯಂತ್ರದ ಲೆಕ್ಕದ ಮೇಲೆಯೇ ಕನ್ನಡಕ ಮಾಡಿಕೊಟ್ಟ. ಆಮೇಲೆ ಆ ಕನ್ನಡಕದ ಸ್ಕ್ರೂ ಮೂರು ಸಲ ಸಡಿಲವಾಯಿತು, ಮೂರು ಸಲವೂ ಅವಳು ಅಂಗಡಿಗೆ ಬಂದಳು. ತಮ್ಮ ಬೇಕೆಂದೇ ಪೂರ್ತಿ ಬಿಗಿ ಮಾಡಿರಲಿಲ್ಲ ಎಂಬುದು ಅವನ ಅಕ್ಕನ ಆರೋಪ. ಅವನು ಅದನ್ನು ಇವತ್ತಿಗೂ ಅಲ್ಲಗಳೆದಿಲ್ಲ.

ಮದುವೆಗೆ ಮೊದಲು ಅವಳು ತನ್ನ ಹಿಂದಿನ ಸಂಸಾರದ ಬಗ್ಗೆ ಹೇಳಿದ್ದು ಮೂರೇ ಮಾತು. ಹನ್ನೊಂದು ವರ್ಷ ಇದ್ದೆ, ಸರಿಬರಲಿಲ್ಲ, ನನ್ನದೇ ತಪ್ಪು ಜಾಸ್ತಿ. ಆ ಗಂಡ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು, ಊರಲ್ಲೆಲ್ಲ ಒಳ್ಳೆಯ ಹೆಸರು. ಹೊಡೆಯುತ್ತಿದ್ದರಾ ಎಂದು ಇವನು ಕೇಳಿದ್ದಕ್ಕೆ ಅವಳು ಕೇಳಬಾರದ್ದು ಕೇಳಿದಂತೆ ತಲೆ ಆಡಿಸಿದಳು. ಛೆ, ಒಂದು ದಿನವೂ ಕೈ ಎತ್ತಿದವರಲ್ಲ, ದನಿ ಕೂಡ ಎತ್ತಿದವರಲ್ಲ. ಕೇಳಿ ಇವನಿಗೆ ಸಮಾಧಾನವಾಯಿತು. ಹಾಗಾದರೆ ಅಂಥದ್ದೇನೂ ಆಗಿಲ್ಲ ಎಂದುಕೊಂಡ. ಆ ಸಮಾಧಾನವನ್ನು ನೆನೆದು ಮುಂದೆ ಅವನು ಎಷ್ಟೋ ಸಲ ನಾಚಿದ್ದಾನೆ.

ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಅಂಗಡಿಯ ಮೇಲಿನ ಎರಡು ಕೋಣೆಯ ಮನೆಗೆ ಅವಳು ಬಂದಳು. ಬಂದ ಮೊದಲ ವಾರವೇ ಅವನಿಗೆ ಏನೋ ಇರಿಸುಮುರಿಸು. ಕಿಟಕಿ ತೆಗೆಯಲಾ ಎಂದು ಕೇಳುತ್ತಾಳೆ. ತೆಗೆದ ಮೇಲೆ, ತೆಗೆದದ್ದು ಸರಿಯಾ ಎಂದು ಕೇಳುತ್ತಾಳೆ. ಬಾಗಿಲಿಗೆ ಭುಜ ತಗುಲಿದರೆ ಬಾಗಿಲಿಗೇ ಸಾರಿ ಎನ್ನುತ್ತಾಳೆ. ಚಹಾದ ಕಪ್ಪನ್ನು ಅವನ ಕೈಗೆ ಹಿಡಿ ಸಿಗುವಂತೆ ತಿರುಗಿಸಿಟ್ಟು, ಅವನು ಒಂದು ಗುಟುಕು ಕುಡಿದು ಮುಖ ಕಿವುಚಲಿಲ್ಲ ಎಂದು ಖಾತ್ರಿಯಾಗುವ ತನಕ ಅಲ್ಲೇ ನಿಂತಿರುತ್ತಾಳೆ. ಆಸ್ಪತ್ರೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ, ಚಪ್ಪಲಿ ಬಿಡುವ ಮೊದಲೇ ಯಾವ ಬಸ್ಸು, ಎಲ್ಲಿ ನಿಂತಿತು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಪೂರ್ತಿ ವರದಿ ಒಪ್ಪಿಸುತ್ತಾಳೆ. ಅವನು ಕೇಳಿಯೇ ಇರುವುದಿಲ್ಲ. ಹೊಸದು, ಸಂಕೋಚ, ದಿನ ಹೋದ ಹಾಗೆ ಸರಿಹೋಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅವನ ಅಕ್ಕನಿಗಂತೂ ತಮ್ಮನ ಹೊಸ ಹೆಂಡತಿ ಬಲು ಹಿಡಿಸಿದಳು. ಎಂಥ ವಿನಯ, ನಿನ್ನ ಪುಣ್ಯ ಕಣೋ ಎಂದು ಹೊಗಳಿ ಹೋದಳು.

ಒಂದು ದಿನ ಅವಳು ಮನೆಯಲ್ಲೇ ಕನ್ನಡಕ ಮರೆತು ಹೋಗಿದ್ದಳು. ಅದನ್ನು ತಲುಪಿಸಲು ಅವನು ಆಸ್ಪತ್ರೆಗೆ ಹೋದ. ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ದೊಡ್ಡ ಡಾಕ್ಟರು ಕಾಗದ ಆಡಿಸುತ್ತಾ, ಈ ಸಂಖ್ಯೆ ಇಷ್ಟಿರಲು ಸಾಧ್ಯವೇ ಇಲ್ಲ, ನೀವು ಎಲ್ಲೋ ತಪ್ಪಿದ್ದೀರಿ ಎಂದು ರೇಗುತ್ತಿದ್ದರು. ಅವಳು ಕೈಗವಸು ತೆಗೆಯುತ್ತಾ, ತಲೆಯನ್ನು ಪೂರ್ತಿ ಎತ್ತದೆಯೇ ಹೇಳಿದಳು. "ಎರಡು ಸಲ ಎಣಿಸಿದ್ದೀನಿ ಡಾಕ್ಟ್ರೇ. ಇನ್ನೊಂದು ಸಲ ಎಣಿಸಿದ್ರೂ ಅಷ್ಟೇ ಬರುತ್ತೆ. ಔಷಧಿ ಬದಲಾಯಿಸೋದು ಒಳ್ಳೇದು." ಡಾಕ್ಟರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಇವನು ಕಂಬದ ಮರೆಯಲ್ಲಿ ನಿಂತು ಬೆರಗಾಗಿ ನೋಡಿದ. ಇವಳು ಯಾರು? ಆ ಹೆಂಗಸಿನ ಮೇಲೆ ಅವನಿಗೆ ಮತ್ತೊಮ್ಮೆ ಮನಸ್ಸಾಯಿತು. ಸಂಜೆ ಮನೆಯಲ್ಲಿ ಅದೇ ಹೆಂಗಸು ತರಕಾರಿಯವನಿಂದ ಹುರುಳಿಕಾಯಿ ತಂದದ್ದು ಸರಿಯಾಯಿತೋ, ಕೋಸು ತರಬೇಕಿತ್ತೋ ಎಂದು ಚೀಲ ಕೈಯಲ್ಲೇ ಹಿಡಿದು ಅವನ ಮುಖ ನೋಡುತ್ತಾ ನಿಂತಿದ್ದಳು.

ವಿಷಯ ತಿಳಿದದ್ದು ಅವಳ ತಂಗಿಯಿಂದ. ತಂಗಿ ಟಿಕೆಟ್ ಪರೀಕ್ಷಕಿ, ರೈಲಿನಲ್ಲಿ ಓಡಾಡುವ ಕೆಲಸ, ಮಾತು ನೇರ. ಮದುವೆಯಾಗಿ ಆರು ತಿಂಗಳಿಗೆ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು, ಅಕ್ಕ ಡ್ಯೂಟಿಯಲ್ಲಿದ್ದಳು. ಭಾವಾ, ಅಕ್ಕ ಹೇಗಿದ್ದಾಳೆ ಎಂದಳು. ಅವನು ಕನ್ನಡಕದ ಗಾಜು ಉಜ್ಜುತ್ತಾ ಎಲ್ಲ ಹೇಳಿದ. ಆಗ ತಂಗಿ ಹೇಳಿದ್ದು ಇಷ್ಟು.

ಮೇಷ್ಟ್ರು ಬೈಯುತ್ತಿರಲಿಲ್ಲ. ಮಾತು ನಿಲ್ಲಿಸುತ್ತಿದ್ದರು. ನಾಲ್ಕು ದಿನ, ಎಂಟು ದಿನ, ಒಮ್ಮೆ ಇಪ್ಪತ್ತಾರು ದಿನ. ಏನಾಯಿತು ಎಂದು ಇವಳು ಕಾಲಿಗೆ ಬಿದ್ದು ಕೇಳಿದರೆ, ಏನಾಯಿತೆಂದು ನೀನೇ ಯೋಚಿಸು ಎಂದಷ್ಟೇ ಹೇಳಿ ಪುಸ್ತಕ ತೆರೆಯುತ್ತಿದ್ದರು. ಇವಳು ಯೋಚಿಸಿ ಯೋಚಿಸಿ ಒಂದೊಂದೇ ತಪ್ಪು ಒಪ್ಪಿಕೊಳ್ಳಬೇಕು. ಅವರ ಮನಸ್ಸಿನಲ್ಲಿದ್ದ ತಪ್ಪು ಇವಳ ಬಾಯಿಂದ ಬರುವವರೆಗೆ ಮಾತಿಲ್ಲ. ನಿನ್ನಂಥವಳ ಜೊತೆ ಯಾರು ಬಾಳ್ತಾರೆ, ನಾನಾಗಿದ್ದಕ್ಕೆ ಆಯ್ತು ಎಂಬುದು ಅವರು ಮೆತ್ತಗಿನ ದನಿಯಲ್ಲಿ, ಕನಿಕರದಿಂದ ಹೇಳುತ್ತಿದ್ದ ಮಾತು.

"ನಾನು ಕೊನೇಗೆ ಕರ್ಕೊಂಡು ಬಂದ ದಿನ ಅವಳು ಬಾಲ್ಕನಿಯಲ್ಲಿ ನಿಂತಿದ್ಲು ಭಾವಾ," ಎಂದಳು ತಂಗಿ. "ಬಿಸಿಲು. ಬೆಳಿಗ್ಗೆಯಿಂದ ನಿಂತಿದ್ಲಂತೆ. ಅವರು ಒಳಗೆ ಬಾ ಅಂದಿಲ್ಲ ಅಂತ. ನಾನು ಹೋಗಿ ಬಾಗಿಲು ತಳ್ಳಿದೆ, ಸುಮ್ನೆ ತೆಗೀತು. ಚಿಲಕಾನೇ ಹಾಕಿರ್ಲಿಲ್ಲ."

ಅವನ ಕೈಯಲ್ಲಿದ್ದ ಗಾಜು ಕೈಯಲ್ಲೇ ಉಳಿಯಿತು.

ಅಂದಿನಿಂದ ಅವನೊಂದು ಶಪಥ ಮಾಡಿದ. ಯಾರಿಗೂ ಹೇಳಲಿಲ್ಲ. ಈ ಮನೆಯಲ್ಲಿ ಅವಳ ಕಿವಿಗೆ ಒಂದೇ ಒಂದು ಒರಟು ಮಾತು ಬೀಳಬಾರದು. ಮೊದಲಿನವಳ ಕಾಲದಲ್ಲಿ ದಿನಕ್ಕೆ ಎರಡು ಸಲ ಸಿಡುಕುತ್ತಿದ್ದ ಮನುಷ್ಯ ನಾಲಿಗೆಗೆ ಲಗಾಮು ಹಾಕಿಕೊಂಡ. ಅವನು ಮೆಟ್ಟಿಲು ಹತ್ತುವಾಗ ಅವಳು ಕೈಯಲ್ಲಿನ ಕೆಲಸ ನಿಲ್ಲಿಸಿ ಕಿವಿಗೊಡುತ್ತಾಳೆ, ಹೆಜ್ಜೆಯ ಸದ್ದಿನಲ್ಲಿ, ಬೀಗದ ಕೈ ತಿರುಗುವ ರೀತಿಯಲ್ಲಿ ಅವನ ಮೂಡು ಅಳೆಯುತ್ತಾಳೆ ಎಂಬುದು ಅವನಿಗೆ ಗೊತ್ತಾಗಿತ್ತು. ಅದಕ್ಕೆ ಅವನು ಕೆಳಗಿನ ಮೆಟ್ಟಿಲಿನಿಂದಲೇ ಶಿಳ್ಳೆ ಹಾಕುತ್ತಾ ಬರತೊಡಗಿದ. ಅವನ ಶಿಳ್ಳೆಗೆ ರಾಗವೂ ಇರಲಿಲ್ಲ ತಾಳವೂ ಇರಲಿಲ್ಲ. ಪಕ್ಕದ ಮನೆಯ ಮುದುಕಿ, ಹೊಸ ಹೆಂಡತಿ ಬಂದ ಮೇಲೆ ನಿಮಗೆ ಪ್ರಾಯ ತಿರುಗಿದೆ ಎಂದು ನಗುತ್ತಿದ್ದಳು. ಅವಳಿಗೇನು ಗೊತ್ತು. ಹಲ್ಲುನೋವಿದ್ದರೂ ಶಿಳ್ಳೆ, ಜ್ವರವಿದ್ದರೂ ಶಿಳ್ಳೆ. ಅವನಿಗೆ ಬೇಜಾರು ಮಾಡಿಕೊಳ್ಳುವ ಹಕ್ಕೇ ಇಲ್ಲದಂತಾಗಿತ್ತು. ಆದರೂ ಅವನು ಗೊಣಗಲಿಲ್ಲ. ಗಿಡಕ್ಕೆ ನೀರು ಹಾಕುವಂತೆ ದಿನವೂ ಹಾಕುತ್ತಿದ್ದರೆ ಒಂದು ದಿನ ಚಿಗುರುತ್ತದೆ ಎಂದು ನಂಬಿದ್ದ. ಒಂದು ವರ್ಷ ಆಯಿತು, ಎರಡಾಯಿತು, ಮೂರಾಯಿತು.

ಚಿಗುರಲಿಲ್ಲ. ಬದಲಿಗೆ ಅವಳು ಬಾಡುತ್ತಾ ಹೋದಳು. ಇದೇ ಅವನಿಗೆ ಬಗೆಹರಿಯದ ಸಂಗತಿ. ಮೂರನೆಯ ವರ್ಷಕ್ಕೆ ಅವಳ ನಿದ್ದೆ ಹೋಯಿತು, ಊಟ ಗುಬ್ಬಿಯಷ್ಟಾಯಿತು, ಅವನು ಪ್ರೀತಿಯಿಂದ ತಲೆ ಸವರಿದರೆ ಹೆಗಲು ಕಿವಿಯ ತನಕ ಏರುತ್ತಿತ್ತು. ಅವನು ಎಷ್ಟು ಮೆತ್ತಗಾದನೋ ಅವಳು ಅಷ್ಟು ಬಿಗಿಯಾದಳು. ಮನಸ್ಸಿನ ವೈದ್ಯರ ಹತ್ತಿರ ಹೋಗೋಣವೆಂದು ಅವನು ಒಂದೆರಡು ಸಲ ಹೇಳಿದ್ದಿತ್ತು. ಅವಳು ತಕ್ಷಣ ಹೂಂ ಎಂದಳು. ಆ ಹೂಂ ಎಷ್ಟು ಬೇಗ ಬಂತೆಂದರೆ, ತನ್ನನ್ನು ಎಲ್ಲೋ ಒಪ್ಪಿಸಿಬರಲು ಹೊರಟಿದ್ದಾನೆ ಎಂದುಕೊಂಡಳೇನೋ ಅನಿಸಿ ಅವನೇ ಹಿಂತೆಗೆದ.

ಒಂದು ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಗಲಾಟೆಯಾಯಿತು. ಒಬ್ಬ ಬಸ್ ಚಾಲಕನಿಗೆ ಮಾಡಿಕೊಟ್ಟ ಕನ್ನಡಕದಲ್ಲಿ ಎಡಗಣ್ಣಿನ ಗಾಜನ್ನು ಇವನು ಅಡ್ಡಕ್ಕೆ ಕೂರಿಸುವ ಬದಲು ನೆಟ್ಟಗೆ ಕೂರಿಸಿಬಿಟ್ಟಿದ್ದ, ಹಾಕಿಕೊಂಡರೆ ರಸ್ತೆಯೇ ವಾಲಿದಂತೆ ಕಾಣುತ್ತಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಮಾಡದ ತಪ್ಪು. ಚಾಲಕ ನಾಲ್ಕು ಜನರೆದುರು, ನನ್ನ ಬಸ್ಸಿನಲ್ಲಿ ಐವತ್ತು ಜೀವ ಇರುತ್ತೆ ಗೊತ್ತಾ ಎಂದು ಕೂಗಾಡಿ, ಕನ್ನಡಕವನ್ನು ಗಲ್ಲಾಪೆಟ್ಟಿಗೆಯ ಮೇಲೆ ಎಸೆದು ಹೋದ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದೇ ನೋವು. ಅಂಗಡಿಯ ಬಾಗಿಲೆಳೆದು ಇವನು ಮಧ್ಯಾಹ್ನ ಮೇಲೆ ಬಂದ. ಶಿಳ್ಳೆ ಹಾಕಲು ನೆನಪಾಗಲಿಲ್ಲ.

ಬಾಗಿಲು ತೆರೆದಾಗ ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ನಾನೇನು ಮಾಡ್ದೆ?" ಎಂದಳು.

ಏನೂ ಇಲ್ಲ, ಅಂಗಡಿಯ ವಿಷಯ ಎಂದು ಅವನು ಕುರ್ಚಿಯಲ್ಲಿ ಕುಸಿದ. ಅವಳು ನಂಬಲಿಲ್ಲ. ಬೆಳಿಗ್ಗೆ ಬ್ರೆಡ್ಡು ಸೀದಿತ್ತಲ್ಲ, ಅದಕ್ಕಾ ಎಂದಳು. ಅಲ್ಲ ಎಂದ. ಪರದೆ ಒಗೆಯಲಿಲ್ಲ ಅಂತಲಾ? ಅಲ್ಲ. ಮಂಗಳವಾರ ಫೋನಿನಲ್ಲಿ ತಂಗಿಯ ಜೊತೆ ಜೋರಾಗಿ ನಕ್ಕೆ, ಆಗ ನೀವು ಪತ್ರಿಕೆ ಓದುತ್ತಿದ್ದಿರಿ. ಅದಾ? ಅವನು ಕಣ್ಣುಮುಚ್ಚಿ ಅಲ್ಲ ಎಂದ. ಅವಳು ನಿಲ್ಲಿಸಲಿಲ್ಲ. ಹೋದ ತಿಂಗಳ ಅಕ್ಕನ ಮನೆಯ ಊಟ, ಬೇಸಿಗೆಯಲ್ಲಿ ಒಡೆದ ಬಟ್ಟಲು, ಮದುವೆಯಾದ ಹೊಸದರಲ್ಲಿ ಅವನ ಕೊಡೆಯನ್ನು ಬಸ್ಸಿನಲ್ಲಿ ಮರೆತದ್ದು, ಒಂದಾದ ಮೇಲೊಂದು ಬಂದವು. ಅವನು ನೋಡಿಯೂ ಇರದ, ನೋಡಿದ್ದರೂ ಮರೆತಿದ್ದ ಮೂರು ವರ್ಷದ ತಪ್ಪುಗಳನ್ನು ಅವಳು ತಾರೀಖು ಸಮೇತ ಜೋಪಾನ ಮಾಡಿಟ್ಟಿದ್ದಳು. ಅವನು ಮೊದಲು ಕರಗಿದ, ಆಮೇಲೆ ದಣಿದ, ಆಮೇಲೆ ತಲೆಯಲ್ಲಿ ಏನೋ ಪಟ್ ಎಂದಿತು.

"ಸಾಕು ಮಾಡ್ತೀಯಾ? ಹೀಗಾದ್ರೆ ನಿನ್ನ ಜೊತೆ ಯಾರು ಬಾಳ್ತಾರೆ?"

ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಅವನಿಗೆ ಹೊಳೆಯಿತು. ಅವಳು ಕುಸಿಯುತ್ತಾಳೆ, ಅಳುತ್ತಾಳೆ ಎಂದು ಹಿಡಿದುಕೊಳ್ಳಲು ಅರ್ಧ ಎದ್ದ.

ಅವಳು ಅಳಲಿಲ್ಲ. ಅವಳ ಹೆಗಲು ನಿಧಾನವಾಗಿ ಕೆಳಗಿಳಿಯಿತು. ಮೂರು ವರ್ಷದಲ್ಲಿ ಅವನು ಒಮ್ಮೆಯೂ ಕಂಡಿರದಷ್ಟು ಕೆಳಗೆ. ಒಂದು ಉದ್ದ ಉಸಿರು ಬಿಟ್ಟು, ಹೌದು ಎಂಬಂತೆ ತಲೆಯಾಡಿಸಿ, ಕೈಕಾಲು ತೊಳೆದು ಬಂದು ಊಟಕ್ಕೆ ಬಡಿಸಿದಳು. ತಾನೂ ಬಡಿಸಿಕೊಂಡು ಎದುರು ಕೂತು ಹೊಟ್ಟೆ ತುಂಬ ಉಂಡಳು. ಎರಡನೆಯ ಸಲ ಹಾಕಿಸಿಕೊಂಡಳು. ಆಮೇಲೆ, ಒಂದು ದಿನವೂ ಹಗಲು ಮಲಗದವಳು, ಹಾಸಿಗೆಯ ಮೇಲೆ ಅಡ್ಡಾಗಿ ಬಾಯಿ ಅರೆತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಾ ನಿದ್ದೆ ಹೋದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಲೇ ನಿಂತ. ಅವಳ ಮುಖ ಹುಡುಗಿಯ ಮುಖದ ಹಾಗೆ ಸಡಿಲವಾಗಿತ್ತು.

ಸಂಜೆ ಎದ್ದು ಪಾತ್ರೆ ತೊಳೆಯುವಾಗ ಅವಳು ಗುನುಗುತ್ತಿದ್ದಳು. ಅವನು ಹತ್ತಿರ ಹೋಗಿ, ಮಧ್ಯಾಹ್ನದ ಮಾತಿಗೆ ಕ್ಷಮಿಸು, ಅದು ನನ್ನ ಮಾತಲ್ಲ ಎಂದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನತ್ತ ತಿರುಗಿದಳು. ಆ ಕಣ್ಣಿನಲ್ಲಿದ್ದದ್ದು ಪ್ರೀತಿಯೇ. ಅದರಲ್ಲಿ ಅನುಮಾನವಿಲ್ಲ.

"ಬಿಡಿ, ಅದಕ್ಯಾಕೆ ಕ್ಷಮೆ? ಮೂರು ವರ್ಷ ತಡ್ಕೊಂಡ್ರಿ. ಅಷ್ಟು ದಿನ ಯಾರು ತಡ್ಕೋತಾರೆ? ನೀವು ತುಂಬ ಒಳ್ಳೆಯವರು."

ಏನು ತಡ್ಕೊಂಡೆ ನಾನು ಎಂದು ಅವನು ಕೇಳಿದ. ಆಗ ಅವಳು, ಇಷ್ಟು ದಿನ ಹೇಳದ್ದನ್ನು, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು. ಮೇಷ್ಟ್ರೂ ಒಳ್ಳೆಯ ದಿನಗಳಲ್ಲಿ ಬಹಳ ಒಳ್ಳೆಯವರಾಗಿರುತ್ತಿದ್ದರು. ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ದಿನ ಎಷ್ಟು ಉದ್ದವಾಗುತ್ತಿತ್ತೋ ಅದರ ಹಿಂದೆ ಬರುವ ಮೌನವೂ ಅದಕ್ಕೆ ತಕ್ಕಷ್ಟು ಉದ್ದ. ಎರಡು ವಾರಕ್ಕೆ ಎಂಟು ದಿನ, ಎರಡು ತಿಂಗಳಿಗೆ ಇಪ್ಪತ್ತಾರು ದಿನ. "ನೀವು ಮೂರು ವರ್ಷ ಚೆನ್ನಾಗೇ ಇದ್ರಿ," ಎಂದಳು. "ಆಮೇಲೆ ಬರೋದು ಎಷ್ಟು ದೊಡ್ಡದಿರುತ್ತೋ ಅಂತ ನಂಗೆ ಲೆಕ್ಕವೇ ಸಿಗ್ತಿರ್ಲಿಲ್ಲ. ಶಿಳ್ಳೆ ಕೇಳಿದಾಗೆಲ್ಲ, ಇವತ್ತೂ ಬರ್ಲಿಲ್ಲ, ಹಾಗಾದ್ರೆ ಇನ್ನೂ ದೊಡ್ಡದು ಅಂತ ಕೈಕಾಲು ತಣ್ಣಗಾಗೋದು. ಇವತ್ತು ನೋಡಿದ್ರೆ, ಇಷ್ಟೇನಾ? ಒಂದು ಮಾತು."

ಅವಳು ನಿಜವಾಗಿಯೂ ನಕ್ಕಳು.

ಅವನು ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತ. ಮೂರು ವರ್ಷ ತಾನು ಎರೆದದ್ದು ನೀರೆಂದುಕೊಂಡಿದ್ದ.

ಹತ್ತು ಹದಿನೈದು ದಿನ ಅವಳು ಹಗುರವಾಗಿದ್ದಳು. ಕೇಳದೆಯೇ ಕಿಟಕಿ ತೆರೆದಳು, ಒಮ್ಮೆ. ಅಷ್ಟರಲ್ಲಿ ಅವನು ಮತ್ತೆ ಮೊದಲಿನ ಮೆದುವಿಗೆ ಮರಳಿದ್ದ, ಅವಳೂ ಮೊದಲಿನ ಬಿಗಿತಕ್ಕೆ. ಊಟ ಇಳಿಯಿತು, ಕಣ್ಣಿನ ಕೆಳಗೆ ಕಪ್ಪು ಬಂತು, ಚಹಾದ ಕಪ್ಪಿನ ಹಿಡಿ ಮತ್ತೆ ಅವನ ಕಡೆ ತಿರುಗಿತು. ತಂಗಿಗೆ ಹೇಳೋಣವೆಂದುಕೊಂಡ, ವೈದ್ಯರೆಂದುಕೊಂಡ, ಯಾವುದನ್ನೂ ಮಾಡದೆ ಒಂದು ದಿನ ಅವಳ ಮುಖ ನೋಡಲಾರದೆ ಬೇರೆಯೇ ಒಂದು ಕೆಲಸ ಮಾಡಿದ. ಊಟದಲ್ಲಿ ಉಪ್ಪು ಸರಿಯಾಗಿಯೇ ಇತ್ತು. ಅವನು ತಟ್ಟೆ ಸರಿಸಿ, ಇಷ್ಟು ವರ್ಷವಾದರೂ ಉಪ್ಪಿನ ಅಂದಾಜು ಬರಲಿಲ್ಲವಲ್ಲ ನಿನಗೆ ಎಂದ. ಔಷಧಿ ಎಂದುಕೊಂಡೇ ಅಂದ. ಔಷಧಿ ತಕ್ಷಣ ಹತ್ತಿತು. ಹೆಗಲು ಇಳಿಯಿತು, ಉಸಿರು ಬಂತು, ಅವಳು ಓಡಿಹೋಗಿ ಮೊಸರು ತಂದು, ತಪ್ಪಾಯ್ತು ಎಂದು ಅವನ ಮುಖವನ್ನು ದೇವರ ಮುಖ ನೋಡುವ ಹಾಗೆ ನೋಡಿದಳು.

ಆಗ ಅವನೊಳಗೆ ಒಂದು ಸಣ್ಣ ಬೆಚ್ಚಗಿನ ಸುಖ ಎದ್ದಿತು. ಒಂದು ಮಾತಿಗೆ ಒಬ್ಬ ಹೆಂಗಸು ಇಷ್ಟು ಅಲುಗಾಡಬಲ್ಲಳು, ಆ ಮಾತು ತನ್ನ ಬಾಯಲ್ಲಿದೆ. ಅದು ಒಂದೇ ಕ್ಷಣ ಇತ್ತು. ಆದರೆ ಇತ್ತು. ಮೇಷ್ಟ್ರು ಹನ್ನೊಂದು ವರ್ಷ ಉಂಡದ್ದು ಇದನ್ನೇ ಎಂದು ಅವನಿಗೆ ಅರ್ಥವಾಯಿತು. ತಾನು ಹೆದರಬೇಕಾದ್ದು ಅವಳ ಕಾಯಿಲೆಗಲ್ಲ, ತನಗೆ ಎಂದೂ ಅರ್ಥವಾಯಿತು. ಬಾಯಲ್ಲಿದ್ದ ತುತ್ತು ನುಂಗಲಾಗದೆ ಎದ್ದು ಹೋಗಿ ಉಗುಳಿದ.

ಮಾರನೆಯ ದಿನ ರಜೆಯ ದಿನ. ಅವನು ಅವಳನ್ನು ಕೆಳಗೆ ಅಂಗಡಿಗೆ ಕರೆದುಕೊಂಡು ಹೋಗಿ, ಅರ್ಧ ಬಾಗಿಲೆಳೆದು, ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತ. ಅವಳಿಗಿಂತ ಕೆಳಗೆ ಕೂತರೆ ಅವಳಿಗೆ ಹೆದರಿಕೆ ಕಮ್ಮಿಯಾದೀತು ಎಂದು. ಉಪ್ಪು ಸರಿಯಾಗಿತ್ತು ಎಂದ. ಬೇಕೆಂದೇ ಅಂದೆ, ನಿನಗೆ ನೆಮ್ಮದಿಯಾಗಲಿ ಅಂತ, ಆದರೆ ನನಗೂ ಅದರಲ್ಲಿ ರುಚಿ ಹತ್ತಿತು ಎಂದ. ಐವತ್ತು ವರ್ಷದ ಗಂಡಸು ಕನ್ನಡಿಗಳ ನಡುವೆ ಮುಖ ಮುಚ್ಚಿ ಅತ್ತ.

ಅವಳು ಕ್ಷಮೆ ಕೇಳಲಿಲ್ಲ. ಗೋಡೆಯ ಅಕ್ಷರಗಳ ಕಡೆ ನೋಡುತ್ತಿದ್ದಳು. ಆಮೇಲೆ ತಡವರಿಸುತ್ತಾ, ಒಂದೊಂದೇ ಪದ ಎತ್ತಿಟ್ಟು ಹೇಳಿದಳು.

"ನಾನು ಒಬ್ಳೇ ಇರ್ಬೇಕು. ನಿಮ್ಮ ಮೇಲೆ ಬೇಜಾರಿಲ್ಲ. ಆದ್ರೆ ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಇಲ್ದೆ ಇದ್ರೆ ಹೇಗಿರುತ್ತೆ ಅಂತ ನಂಗೆ ಗೊತ್ತೇ ಇಲ್ಲ. ನೋಡ್ಬೇಕು."

ಹೇಳಿಯಾದ ಮೇಲೆ ತನ್ನ ಬಾಯಿಂದಲೇ ಬಂತೇ ಎಂಬಂತೆ ಬೆಚ್ಚಿದಳು. ಮೂರು ವರ್ಷದಲ್ಲಿ ಅವಳು ಬೇಕು ಎಂದ ಮೊದಲ ಸಂಗತಿ. ಅದು ಅವನಿಲ್ಲದ ಮನೆ. ಬೇಡ ಎನ್ನಲು ಅವನಿಗೆ ಬಾಯಿ ಎಲ್ಲಿಂದ ಬರಬೇಕು?

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ದರ್ಜಿಯ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಅವನೇ ಸುಣ್ಣ ಹೊಡೆದ, ಒಲೆ ಹೊತ್ತು ಹಾಕಿದ, ನಲ್ಲಿಯ ವಾಷರು ಬದಲಿಸಿದ, ಒಳಗಿನಿಂದ ಹಾಕಿಕೊಳ್ಳುವ ಒಂದು ಗಟ್ಟಿ ಚಿಲಕ ಕೂರಿಸಿದ. ಅವನ ಅಕ್ಕ ಬಂದು ತಲೆ ಚಚ್ಚಿಕೊಂಡಳು. ಅಷ್ಟು ಚೆನ್ನಾಗಿ ಬಾಳುವ ಹೆಂಡತಿಯನ್ನು ಯಾರಾದರೂ ಕೈಯಾರೆ ಕಳಿಸುತ್ತಾರಾ, ಒಂದು ದಿನವೂ ನಿಮ್ಮ ಮನೆಯಲ್ಲಿ ಜಗಳದ ಸದ್ದು ಕೇಳಿಲ್ಲವಲ್ಲೋ ಎಂದಳು. ಅದೇ ಕಣಕ್ಕಾ ಕಾಯಿಲೆ, ಎಂದು ಅವನು ಹೇಳಿದ್ದು ಅವಳಿಗೆ ತಲೆಗೆ ಹೋಗಲಿಲ್ಲ. ತಂಗಿ ಮಾತ್ರ ಪೆಟ್ಟಿಗೆ ಸಾಗಿಸಲು ರಜೆ ಹಾಕಿ ಬಂದು, ಹೋಗುವಾಗ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ಹೋದಳು. ವಾರಕ್ಕೊಮ್ಮೆ ತನ್ನ ಅಕ್ಕನನ್ನು ಮನಸ್ಸಿನ ವೈದ್ಯೆಯ ಹತ್ತಿರ ಕರೆದೊಯ್ಯುವುದು ತನ್ನ ಪಾಲು ಎಂದಳು.

ಮೊದಮೊದಲು ಅವನು ಭಾನುವಾರ ಹೋಗಿಬರುತ್ತಿದ್ದ. ಮೂರನೆಯ ಭಾನುವಾರ ಬಾಗಿಲು ತೆರೆದೇ ಇತ್ತು, ಅವಳು ಕಿಟಕಿಯಲ್ಲಿ ಬಾಗಿ ಕೆಳಗಿನ ದರ್ಜಿಯ ಹೆಂಡತಿಯ ಜೊತೆ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ. ಆ ಸದ್ದಿಗೆ ನಗು ಕತ್ತರಿಸಿದಂತೆ ನಿಂತಿತು. ತಿರುಗಿದವಳ ಹೆಗಲು ಏರಿತ್ತು, ಕಣ್ಣು ಅವನ ಹುಬ್ಬಿನ ಮೇಲಿತ್ತು, ಬಾಯಿ ಆಗಲೇ ವರದಿ ಒಪ್ಪಿಸಲು ತೆರೆದಿತ್ತು. ಚಹಾ ಕುಡಿದು ಅವನು ಬೇಗ ಎದ್ದ. ಇನ್ನು ಮೇಲೆ ನಾನು ಬರುವುದಿಲ್ಲ, ನಿನಗೆ ಬೇಕೆನಿಸಿದಾಗ ಫೋನು ಮಾಡು, ಅನಿಸದಿದ್ದರೆ ಬೇಡ ಎಂದು ಹೇಳಿ ಮೆಟ್ಟಿಲಿಳಿದ.

ಐದು ವಾರ ಫೋನು ಬರಲಿಲ್ಲ. ಆರನೆಯ ವಾರ ಬಂತು. ಮುಖ ಕಾಣದ, ಹೆಜ್ಜೆ ಕೇಳದ ಆ ತಂತಿಯ ಮೇಲೆ ಅವಳಿಗೆ ಮಾತು ಬಂತು. ಆಸ್ಪತ್ರೆಯ ಸುದ್ದಿ, ವೈದ್ಯೆ ಹೇಳಿದ್ದು, ಸೀದುಹೋದ ಪಾತ್ರೆ, ಎಲ್ಲ. ಮೂರು ವರ್ಷ ಒಂದೇ ಸೂರಿನಡಿ ಆಡದಷ್ಟನ್ನು ಎರಡು ಬೀದಿಯಾಚೆಯಿಂದ ಆಡಿದಳು. ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡು, ಉಸಿರಿನ ಸದ್ದೂ ಅವಳಿಗೆ ಕೇಳದಿರಲಿ ಎಂದು ಜಾಗ್ರತೆಯಿಂದ ಕೇಳುತ್ತಿದ್ದ.

ವರ್ಷ ಕಳೆದ ಮೇಲೆ ಒಂದು ಸಂಜೆ ಮಾತಿಗೆ ಮಾತು ಬಂದು, ಆಸ್ಪತ್ರೆಯ ಮುಂದಿನ ಮರ ಕಡಿದದ್ದು ರಸ್ತೆಗೆ ಒಳ್ಳೆಯದೇ ಆಯಿತು ಎಂದು ಅವನು ಅಂದ. "ಏನು ಒಳ್ಳೇದು? ನಿಮಗೇನು ಗೊತ್ತು, ನೆರಳಿಲ್ದೆ ರೋಗಿಗಳು ಬಿಸಿಲಲ್ಲಿ ಸಾಯ್ತಿದ್ದಾರೆ. ಅಂಗಡಿಯೊಳಗೆ ಕೂತು ಮಾತಾಡೋದು ಸುಲಭ," ಎಂದಳು. ದನಿಯಲ್ಲಿ ಸಿಡುಕಿತ್ತು. ಒಲೆಯ ಮೇಲೆ ಏನೋ ಇದೆ, ಇಡ್ತೀನಿ ಎಂದು ಫೋನು ಇಟ್ಟೇಬಿಟ್ಟಳು.

ಅವನು ಫೋನಿನ ಪಕ್ಕದಲ್ಲೇ ಕೂತ. ಈಗ ಬರುತ್ತದೆ ಆ ಸಾರಿ, ಐದು ನಿಮಿಷದಲ್ಲಿ ಬರುತ್ತದೆ ಎಂದು ಕಾದ. ಗಂಟೆಯಾಯಿತು, ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮುಂದಿನ ವಾರ ಅಂಗಡಿಗೆ ಫೋನು ಬಂದಾಗಲೂ ಅವಳಿಗೆ ಅದರ ನೆನಪೇ ಇದ್ದಂತಿರಲಿಲ್ಲ. ಆ ಸಿಡುಕು ಮೇಲಿನ ಮನೆಯಲ್ಲಿ, ಊಟದ ಮೇಜಿನೆದುರು, ಒಂದು ದಿನ ಕೇಳಿದ್ದರೆ ತಾನು ಎಂಥ ಬದುಕು ಬದುಕುತ್ತಿದ್ದೆನೋ ಎಂದು ಅವನಿಗೆ ಅನಿಸಿತು.

ಮಾತಿನ ನಡುವೆ ಅವಳು, ನೀವೇನೋ ಹೇಳೋಕೆ ಹೊರಟ ಹಾಗಿತ್ತು ಎಂದಳು. ಹೊರಟದ್ದು ನಿಜ. ಬಾ ಎಂಬ ಒಂದಕ್ಷರ ಅವನ ನಾಲಿಗೆಯ ತುದಿಗೆ ಬಂದಿತ್ತು. ಅವನು ಬಾ ಎಂದರೆ ಅವಳು ಬರುತ್ತಾಳೆ. ಪೆಟ್ಟಿಗೆ ಕಟ್ಟಿಕೊಂಡು ನಾಳೆಯೇ ಬರುತ್ತಾಳೆ, ಬಂದದ್ದು ಸರಿಯಾಯಿತಾ ಎಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಇಲ್ಲ ಎನ್ನುವುದು ಅವಳಿಗೆ ಇನ್ನೂ ಬರುವುದಿಲ್ಲ, ಅವನ ಮುಂದಂತೂ ಬರುವುದೇ ಇಲ್ಲವೇನೋ. ಬರುವುದಿಲ್ಲ ಎನ್ನಬಲ್ಲವಳನ್ನು ಕರೆಯಬಹುದು. ಕರೆದರೆ ಬಂದೇಬಿಡುವವಳನ್ನು ಹೇಗೆ ಕರೆಯುವುದು?

ಏನಿಲ್ಲ, ಗಿರಾಕಿ ಬಂದರು, ಇಡ್ತೀನಿ ಎಂದ ಅವನು. ಅಂಗಡಿಯಲ್ಲಿ ಯಾರೂ ಇರಲಿಲ್ಲ.